ಮೂವರಲ್ಲಿ ಇಬ್ಬರಿಗೆ ಹೆಪಟೈಟಿಸ್ ಬಿ: ಅಂಡಮಾನ್ ಕಾಡಿನ ಕತೆ ನಮಗೇಕೆ ಬೇಕು?

ಬೆಳಗಿನ ಜಾವ ಮೂರೂವರೆಗೆ ಎದ್ದು, ಕಣ್ಣುಜ್ಜಿಕೊಳ್ಳುತ್ತಾ ಟೆಂಪೋ ಟ್ರಾವೆಲರ್ ಹತ್ತಿದ್ದು ಇನ್ನೂ ನೆನಪಿದೆ. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಅಂಡಮಾನ್‌ಗೆ ಹೋಗಿದ್ದೆವು. ಪೋರ್ಟ್ ಬ್ಲೇರ್‌ನಿಂದ (ಈಗ ಅದರ ಹೆಸರು ಶ್ರೀ ವಿಜಯಪುರಂ) ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆ ನೋಡಲು ಹೋಗುವ ದಾರಿ ಜಾರವಾ ಆದಿವಾಸಿಗಳ ಮೀಸಲು ಕಾಡಿನ ನಡುವೆ ಹಾದುಹೋಗುತ್ತದೆ. ಜಿರ್ಕಾಟಾಂಗ್ ಚೆಕ್‌ಪೋಸ್ಟ್‌ನಲ್ಲಿ ಎಲ್ಲ ಗಾಡಿಗಳನ್ನೂ ನಿಲ್ಲಿಸಿ, ಸಾಲು ಮಾಡಿ, ಪೊಲೀಸ್ ಕಾವಲಿನಲ್ಲಿ ಒಟ್ಟಿಗೆ ಬಿಡುತ್ತಾರೆ. ನಡುವೆ ನಿಲ್ಲಿಸುವ ಹಾಗಿಲ್ಲ, ಫೋಟೋ ತೆಗೆಯುವ ಹಾಗಿಲ್ಲ, ಬಿಸ್ಕತ್ತು, ಬಾಳೆಹಣ್ಣು ಕೊಡುವ ಹಾಗಿಲ್ಲ.

ನಾವು ದಾರಿಯಲ್ಲಿ ಯಾರನ್ನೂ ನೋಡಲಿಲ್ಲ. ಎರಡೂ ಕಡೆ ಬೆಳಕು ತೂರದಷ್ಟು ದಟ್ಟ ಕಾಡು, ಅಷ್ಟೇ. ಆದರೆ ನಮ್ಮ ಹಿಂದಿನ ಸೀಟಿನಲ್ಲಿದ್ದ ಅಂಕಲ್ ಒಬ್ಬರು ಇಡೀ ದಾರಿ ಅವರ ಬಗ್ಗೆಯೇ ಮಾತಾಡಿದರು. "ಅವರ ಜೀವನ ಅಂದ್ರೆ ಜೀವನ ಕಣ್ರೀ. ಬಿಪಿ ಇಲ್ಲ, ಶುಗರ್ ಇಲ್ಲ. ಜೇನು, ಗೆಡ್ಡೆ, ಮೀನು ತಿಂದ್ಕೊಂಡು ಗಟ್ಟಿಮುಟ್ಟಾಗಿರ್ತಾರೆ. ಕಾಡಲ್ಲಿರೋರಿಗೆ ಕಾಯಿಲೆ ಎಲ್ಲಿಂದ ಬರುತ್ತೆ ಹೇಳಿ?"

ನಾವೆಲ್ಲ ಹೂಂ ಅಂದೆವು. ನಾನೂ ಹೂಂ ಅಂದೆ. ಅದು ತಪ್ಪು ಅಂತ ಗೊತ್ತಾಗಿದ್ದು ಎರಡು ವರ್ಷದ ಮೇಲೆ, ಬೆಂಗಳೂರಿನ ಒಂದು ಹೆರಿಗೆ ವಾರ್ಡಿನಲ್ಲಿ.

ಪಕ್ಕದ ಬೆಡ್ಡಿನ ಹುಡುಗಿ

ಬಸುರಿಯಾದಾಗ ಮಾಡಿಸುವ ರಕ್ತ ಪರೀಕ್ಷೆಯ ಪಟ್ಟಿ ಉದ್ದ ಇರುತ್ತದೆ. ಹಿಮೋಗ್ಲೋಬಿನ್, ಶುಗರ್, ಥೈರಾಯ್ಡ್, ಎಚ್‌ಐವಿ. ಅದರ ನಡುವೆ ಎಲ್ಲೋ ಒಂದು ಸಾಲು: ಎಚ್‌ಬಿಎಸ್‌ಎಜಿ. ನನ್ನ ರಿಪೋರ್ಟಿನಲ್ಲಿ ಅದರ ಮುಂದೆ 'ನಾನ್ ರಿಯಾಕ್ಟಿವ್' ಅಂತ ಇತ್ತು. ಏನು, ಎತ್ತ ಅಂತ ಕೇಳಲೂ ಇಲ್ಲ ನಾನು. ಎಲ್ಲ ನಾರ್ಮಲ್ ಅಂದರು, ಫೈಲಿಗೆ ಸೇರಿಸಿದೆ.

ಹೆರಿಗೆಯಾದ ಮೇಲೆ ಪಕ್ಕದ ಬೆಡ್ಡಿನಲ್ಲಿದ್ದ ಹುಡುಗಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು. ಅವಳ ಕೇಸ್‌ಶೀಟಿನ ಮೇಲೆ ಮಾತ್ರ ಕೆಂಪು ಇಂಕಿನಲ್ಲಿ ಏನೋ ಬರೆದಿತ್ತು. ಊಟ ತರುವ ಆಯಾ ಅವಳ ತಟ್ಟೆಯನ್ನು ದೂರದಿಂದ ಜರುಗಿಸುತ್ತಿದ್ದಳು. ಎರಡನೇ ದಿನ ನನ್ನ ಅತ್ತೆ ಕಿವಿಯಲ್ಲಿ ಪಿಸುಗುಟ್ಟಿದರು: "ಆ ಹುಡುಗಿಗೆ ಏನೋ ಕಾಮಾಲೆ ಥರದ್ದಂತೆ, ರಕ್ತದಲ್ಲೇ ಇದೆಯಂತೆ. ಮಗೂನ ಆ ಕಡೆ ಬಿಡಬೇಡ."

ರಾತ್ರಿ ನಿದ್ದೆ ಬಾರದೆ ಕೂತಿದ್ದಾಗ ಅವಳೇ ಮಾತಿಗೆಳೆದಳು. "ಅಕ್ಕ, ನಂಗೆ ಏನೂ ಆಗಿಲ್ಲ ಅಕ್ಕ. ಜ್ವರ ಇಲ್ಲ, ಕಣ್ಣು ಹಳದಿ ಆಗಿಲ್ಲ. ಬಸುರಿ ಆದ್ಮೇಲೆ ಟೆಸ್ಟ್ ಮಾಡಿದಾಗ್ಲೇ ಗೊತ್ತಾಗಿದ್ದು. ನಮ್ಮಮ್ಮನಿಂದ ಬಂದಿರಬೇಕು ಅಂದ್ರು ಡಾಕ್ಟ್ರು. ಮಗೂಗೆ ಹುಟ್ಟಿದ ತಕ್ಷಣ ಎರಡು ಇಂಜೆಕ್ಷನ್ ಹಾಕಿದಾರೆ. ಇನ್ನು ಭಯ ಇಲ್ವಂತೆ."

ಅವಳು ಮಲಗಿದ ಮೇಲೆ ನಾನು ಫೋನ್ ಹಿಡಿದು ಓದುತ್ತಾ ಕೂತೆ. ಹೆಪಟೈಟಿಸ್ ಬಿ ಅಂದರೇನು, ಯಾರಿಗೆ ಬರುತ್ತದೆ, ಎಲ್ಲಿ ಹೆಚ್ಚು. ಓದುತ್ತಾ ಓದುತ್ತಾ ಒಂದು ಹೆಸರಿನ ಮುಂದೆ ನಿಂತೆ: ಜಾರವಾ.

ನೂರಕ್ಕೆ 65

ಪೋರ್ಟ್ ಬ್ಲೇರ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಾದೇಶಿಕ ಕೇಂದ್ರವೊಂದಿದೆ. ಅಲ್ಲಿನ ವಿಜ್ಞಾನಿಗಳು ದ್ವೀಪದ ಮೂಲನಿವಾಸಿಗಳ ರಕ್ತವನ್ನು ಹೆಪಟೈಟಿಸ್ ಬಿಗಾಗಿ ಪರೀಕ್ಷಿಸಿದ್ದರು. ಮೊದಲ ಸುತ್ತಿನ ಫಲಿತಾಂಶ 2000ದಲ್ಲಿ ಬಂತು. ನಿಕೋಬಾರಿ ಜನರಲ್ಲಿ ಪರೀಕ್ಷೆಗೆ ಒಳಗಾದ ನೂರರಲ್ಲಿ ಸುಮಾರು 23 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಸಿಕ್ಕಿತು. ಗ್ರೇಟ್ ನಿಕೋಬಾರ್‌ನ ಮಳೆಕಾಡಿನೊಳಗೆ ಇರುವ ಶೋಂಪೆನ್ನರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು. 2003ರಲ್ಲಿ ಪ್ರಕಟವಾದ ಇನ್ನೊಂದು ವರದಿ ಜಾರವಾಗಳದ್ದು. ಅಲ್ಲಿ ನೂರಕ್ಕೆ 65. ಅಂದರೆ ಹೆಚ್ಚುಕಡಿಮೆ ಮೂವರಲ್ಲಿ ಇಬ್ಬರು.

ಈ ಸಂಖ್ಯೆ ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇಟ್ಟು ನೋಡಬೇಕು. ಯಾವುದೇ ಪ್ರದೇಶದಲ್ಲಿ ನೂರಕ್ಕೆ 8 ಜನರಿಗಿಂತ ಹೆಚ್ಚು ಮಂದಿಗೆ ಹೆಪಟೈಟಿಸ್ ಬಿ ಇದ್ದರೆ ಅದನ್ನು 'ತೀವ್ರವಾಗಿ ಹರಡಿರುವ ಪ್ರದೇಶ' ಅಂತ ಲೆಕ್ಕ ಹಾಕುವುದು ವಾಡಿಕೆ. ನಮ್ಮ ದೇಶದ ಒಟ್ಟು ಲೆಕ್ಕ ನೂರಕ್ಕೆ ಒಬ್ಬರಿಂದ ಇಬ್ಬರ ಆಸುಪಾಸಿನಲ್ಲಿದೆ. ಜಾರವಾ ಕಾಡಿನಲ್ಲಿ 65.

ಇಲ್ಲಿ ಎರಡು ಮಾತು ಗಮನದಲ್ಲಿರಲಿ. ಒಂದು, ಜಾರವಾಗಳೇ ಬಹಳ ಕಡಿಮೆ ಜನ. 2001ರ ಜನಗಣತಿಯಲ್ಲಿ ಅವರು 240 ಮಂದಿ, 2011ರಲ್ಲಿ 380. ನಮ್ಮ ಒಂದು ಅಪಾರ್ಟ್‌ಮೆಂಟ್ ಬ್ಲಾಕಿನಲ್ಲಿ ಇದಕ್ಕಿಂತ ಹೆಚ್ಚು ಜನ ಇರುತ್ತಾರೆ. ಆದ್ದರಿಂದ ತಲೆ ಎಣಿಸಿದರೆ ಇದು ಸಣ್ಣ ಸಂಖ್ಯೆ, ಆದರೆ ಅವರ ಇಡೀ ಜನಾಂಗವೇ ಅಷ್ಟು. ಎರಡು, ರಕ್ತದಲ್ಲಿ ಗುರುತು ಸಿಕ್ಕ ಮಾತ್ರಕ್ಕೆ ಎಲ್ಲರೂ ಹಾಸಿಗೆ ಹಿಡಿದಿದ್ದಾರೆ ಅಂತಲ್ಲ. ಹೆಪಟೈಟಿಸ್ ಬಿ ಬಹಳ ವರ್ಷ ಸುಮ್ಮನಿರುತ್ತದೆ. ಇಪ್ಪತ್ತು, ಮೂವತ್ತು ವರ್ಷ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದವರಲ್ಲಿ ಕೆಲವರಿಗೆ ಆಮೇಲೆ ಲಿವರ್ ಗಟ್ಟಿಯಾಗುತ್ತಾ ಹೋಗುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಇಲ್ಲವೇ ಲಿವರ್ ಕ್ಯಾನ್ಸರ್ ಬರುತ್ತದೆ. ಅಂಕಲ್ ಹೇಳಿದ ಆ 'ಗಟ್ಟಿಮುಟ್ಟು' ದೇಹ ಹೊರಗಿನಿಂದ ಸುಳ್ಳಲ್ಲ. ಆದರೆ ವೈರಸ್ಸು ಹೊರಗಡೆ ಕಾಣುವ ಜಾಗದಲ್ಲಿ ಇರುವುದಿಲ್ಲ.

ಹೆಪಟೈಟಿಸ್ ಒಂದೇ ಅಲ್ಲ

ನಾವು ಕಾಮಾಲೆ, ಜಾಂಡೀಸ್, ಅರಿಶಿನ ರೋಗ ಅಂತ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿಬಿಡುತ್ತೇವೆ. ಹೆಪಟೈಟಿಸ್ ಅಂದರೆ ಲಿವರ್ ಊದಿಕೊಳ್ಳುವುದು. ಅದಕ್ಕೆ ಕಾರಣವಾಗುವ ಮುಖ್ಯ ವೈರಸ್‌ಗಳು ಐದು: ಎ, ಬಿ, ಸಿ, ಡಿ, ಇ.

ಎ ಮತ್ತು ಇ ಕೊಳಕು ನೀರು, ಆಹಾರದಿಂದ ಬರುವಂಥವು. ಬೀದಿಬದಿಯ ಪಾನಿಪುರಿ ತಿಂದು ಕಣ್ಣು ಹಳದಿಯಾಯಿತು ಅಂತೀವಲ್ಲ, ಅದು ಸಾಮಾನ್ಯವಾಗಿ ಇವೇ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ.

ಬಿ ಮತ್ತು ಸಿ ರಕ್ತದಿಂದ, ದೇಹದ ದ್ರವಗಳಿಂದ ಹರಡುತ್ತವೆ. ವರ್ಷಾನುಗಟ್ಟಲೆ ದೇಹದಲ್ಲೇ ಉಳಿಯಬಲ್ಲವು. ಡಿ ಒಂದು ವಿಚಿತ್ರ ವೈರಸ್. ಅದಕ್ಕೆ ಸ್ವಂತ ಬಲವಿಲ್ಲ, ಬಿ ಇರುವ ದೇಹದಲ್ಲಿ ಮಾತ್ರ ಬೆಳೆಯುತ್ತದೆ. ಆದರೆ ಎರಡೂ ಸೇರಿದರೆ ಕಾಯಿಲೆ ಬಹಳ ಜೋರು.

ಜಾರವಾಗಳ ನೂರಕ್ಕೆ 65 ಅನ್ನುವುದು ಬಿ ವೈರಸ್ಸಿನ ಲೆಕ್ಕ.

ಹೊರಗಿನವರೇ ಬರದ ಕಾಡಿಗೆ ವೈರಸ್ ಹೇಗೆ?

ನನಗೆ ಅರ್ಥವೇ ಆಗದ ವಿಷಯ ಇದಾಗಿತ್ತು. ಜಾರವಾಗಳು 1990ರ ದಶಕದ ಕೊನೆಯವರೆಗೂ ಹೊರಗಿನವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಬಾಣ ಬಿಡುತ್ತಿದ್ದರು. 1996ರಲ್ಲಿ ಕಾಲು ಮುರಿದುಕೊಂಡ ಜಾರವಾ ಹುಡುಗನೊಬ್ಬ ಪೋರ್ಟ್ ಬ್ಲೇರ್ ಆಸ್ಪತ್ರೆಯಲ್ಲಿ ಗುಣವಾಗಿ ಕಾಡಿಗೆ ಮರಳಿದ. 1997ರ ಕೊನೆಯ ಹೊತ್ತಿಗೆ ಅವರು ತಾವಾಗಿ ಊರುಗಳ ಕಡೆ ಬರತೊಡಗಿದರು. ಅದಾದ ಐದಾರು ವರ್ಷಕ್ಕೇ ನೂರಕ್ಕೆ 65 ಅಂದರೆ? ಅಷ್ಟು ಬೇಗ ಹರಡಿತೇ?

ಇದಕ್ಕೆ ಸುಳಿವು ಸಿಕ್ಕಿದ್ದು ಭೂಮಿಯ ಇನ್ನೊಂದು ತುದಿಯ ಕಾಡಿನಿಂದ. ಅಮೆರಿಕದ ವೈರಾಣು ತಜ್ಞ ಫ್ರಾನ್ಸಿಸ್ ಬ್ಲ್ಯಾಕ್ ಅಮೆಜಾನ್ ಕಾಡಿನ ಒಂಟಿ ಬುಡಕಟ್ಟುಗಳ ರಕ್ತ ಪರೀಕ್ಷಿಸಿ, 1975ರಲ್ಲಿ ಒಂದು ಮುಖ್ಯ ಲೇಖನ ಬರೆದರು. ಹೊರಗಿನವರ ಸಂಪರ್ಕ ಇಲ್ಲದ ಸಣ್ಣ ಗುಂಪುಗಳಲ್ಲಿ ಯಾವ ಸೋಂಕು ಇರುತ್ತದೆ, ಯಾವುದು ಇರುವುದಿಲ್ಲ ಅನ್ನುವುದು ಅವರ ಪ್ರಶ್ನೆ.

ದಡಾರದ ಉದಾಹರಣೆ ತೆಗೆದುಕೊಳ್ಳಿ. ಅದು ಬಂದರೆ ಎರಡು ಮೂರು ವಾರದಲ್ಲಿ ಮುಗಿಯುತ್ತದೆ. ಒಂದೋ ರೋಗಿ ಗುಣವಾಗುತ್ತಾನೆ, ಇಲ್ಲ ಸಾಯುತ್ತಾನೆ. ಗುಣವಾದವನಿಗೆ ಮತ್ತೆ ಬರುವುದಿಲ್ಲ. ಹಾಗಾಗಿ ದಡಾರದ ವೈರಸ್ ಬದುಕಬೇಕಾದರೆ ಪ್ರತಿ ವಾರವೂ ಹೊಸ ಹೊಸ ಜನ ಬೇಕು. ಅದಕ್ಕೆ ಲಕ್ಷಗಟ್ಟಲೆ ಜನಸಂಖ್ಯೆಯ ಊರು ಬೇಕು. ಮುನ್ನೂರು ಜನರ ಗುಂಪಿನಲ್ಲಿ ಅದು ಒಮ್ಮೆ ಬಂದು ಸುಟ್ಟುಹಾಕಿ, ತಾನೂ ಆರಿಹೋಗುತ್ತದೆ.

ಹೆಪಟೈಟಿಸ್ ಬಿ ಹಾಗಲ್ಲ. ಅದಕ್ಕೆ ಅವಸರವೇ ಇಲ್ಲ. ಒಂದು ದೇಹ ಹೊಕ್ಕರೆ ಐವತ್ತು ವರ್ಷ ಅಲ್ಲೇ ಕೂರಬಲ್ಲದು. ಅಷ್ಟರಲ್ಲಿ ಒಂದು ಮಗು ಹುಟ್ಟುತ್ತದೆ, ಅದಕ್ಕೆ ದಾಟುತ್ತದೆ. ಆ ಮಗು ದೊಡ್ಡದಾಗಿ ತಾಯಿಯಾಗುತ್ತದೆ, ಮತ್ತೆ ದಾಟುತ್ತದೆ. ಐವತ್ತು ಜನರ ಗುಂಪಿದ್ದರೂ ಸಾಕು. ಬ್ಲ್ಯಾಕ್ ಕಂಡುಕೊಂಡಿದ್ದೂ ಇದನ್ನೇ: ದಡಾರ, ಫ್ಲೂನಂಥವು ಹೊರಗಿನಿಂದ ಬಂದರಷ್ಟೇ ಉಂಟು. ಹೆಪಟೈಟಿಸ್ ಬಿ, ಹರ್ಪಿಸ್‌ನಂಥ ಕೂತುಬಿಡುವ ಸೋಂಕುಗಳು ಮಾತ್ರ ಒಂಟಿ ಗುಂಪುಗಳಲ್ಲೂ ಮನೆ ಮಾಡಿಕೊಂಡಿರುತ್ತವೆ.

ಅಂದರೆ ಕಾಡು ಒಂದು ಬಗೆಯ ಕಾಯಿಲೆಯನ್ನು ಹೊರಗಿಡುತ್ತದೆ, ಇನ್ನೊಂದು ಬಗೆಯದನ್ನು ಒಳಗೇ ಉಳಿಸಿಕೊಳ್ಳುತ್ತದೆ.

ಅಮ್ಮನಿಂದ ಮಗುವಿಗೆ

ಈ ವೈರಸ್ಸಿನ ಶಕ್ತಿ ಇರುವುದು ವಯಸ್ಸಿನ ಲೆಕ್ಕದಲ್ಲಿ. ದೊಡ್ಡವರಿಗೆ ಹೆಪಟೈಟಿಸ್ ಬಿ ತಗಲಿದರೆ ನೂರರಲ್ಲಿ 95 ಜನರ ದೇಹ ಅದನ್ನು ತಾನೇ ಹೊರಹಾಕುತ್ತದೆ. ಹಸುಗೂಸಿಗೆ ತಗಲಿದರೆ ಲೆಕ್ಕ ತಿರುಗುಮುರುಗು. ನೂರರಲ್ಲಿ 90ರಷ್ಟು ಮಕ್ಕಳಲ್ಲಿ ಅದು ಜೀವನಪೂರ್ತಿ ಉಳಿಯುತ್ತದೆ. ಕೂಸಿನ ರೋಗನಿರೋಧಕ ಶಕ್ತಿಗೆ ಇನ್ನೂ 'ಇದು ಶತ್ರು' ಅಂತ ಗುರುತು ಹಿಡಿಯಲು ಬಾರದು.

ಹೆರಿಗೆಯ ಹೊತ್ತಿನಲ್ಲಿ ತಾಯಿಯ ರಕ್ತದಿಂದ ದಾಟುವುದು ಒಂದು ದಾರಿ. ಇನ್ನೊಂದು ದಾರಿ ಮಕ್ಕಳಿಂದ ಮಕ್ಕಳಿಗೆ. ಒಟ್ಟಿಗೆ ಆಡುವ, ಒಟ್ಟಿಗೆ ಮಲಗುವ ಪುಟ್ಟ ಮಕ್ಕಳಲ್ಲಿ ತರಚಿದ ಗಾಯ, ಕಜ್ಜಿ, ಹುಣ್ಣು ಇದ್ದೇ ಇರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ದೇಹದಿಂದ ಹೊರಬಿದ್ದ ಮೇಲೂ ಈ ವೈರಸ್ ಕಡಿಮೆಯೆಂದರೆ ಏಳು ದಿನ ಬದುಕಿರುತ್ತದೆ. ಎಲ್ಲರೂ ಒಂದೇ ಕುಟುಂಬದಂತೆ ಇರುವ ಸಣ್ಣ ಗುಂಪಿನಲ್ಲಿ ಇದು ಹಬ್ಬಲು ಯಾರ ತಪ್ಪೂ ಬೇಕಾಗಿಲ್ಲ.

ಹಾಗಂತ ಒಟ್ಟಿಗೆ ಊಟ ಮಾಡಿದರೆ, ತಬ್ಬಿಕೊಂಡರೆ, ಕೆಮ್ಮಿದರೆ ಹರಡುವುದಿಲ್ಲ. ಆಯಾ ತಟ್ಟೆ ಜರುಗಿಸಿದ್ದು, ಅತ್ತೆ ಪಿಸುಗುಟ್ಟಿದ್ದು ಎರಡೂ ಬರೀ ಭಯ. ತಾಯಿ ಹಾಲು ಕುಡಿಸಲೂ ತೊಂದರೆ ಇಲ್ಲ, ಮಗುವಿಗೆ ಹುಟ್ಟಿದ ಕೂಡಲೇ ಲಸಿಕೆ ಬಿದ್ದಿದ್ದರೆ ಸಾಕು.

ಬಿ ಮೇಲೆ ಡಿ ಬಂದಾಗ

ಅಮೆಜಾನ್ ಕಡೆಯ ಅನುಭವ ಇನ್ನೂ ಕಹಿ. ಬ್ರೆಜಿಲ್‌ನ ಪುರುಸ್ ನದಿಯ ದಂಡೆಯಲ್ಲಿ ಲಾಬ್ರಿಯಾ ಎಂಬ ಊರಿದೆ. ಅಲ್ಲಿ ದಶಕಗಳ ಕಾಲ ಒಂದು ವಿಚಿತ್ರ ಜ್ವರ ಕಾಡುತ್ತಿತ್ತು. ಮಕ್ಕಳು, ಹದಿಹರೆಯದವರು ಹಠಾತ್ತನೆ ಹಳದಿಯಾಗಿ, ಕಪ್ಪಗೆ ವಾಂತಿ ಮಾಡಿಕೊಂಡು, ಒಂದು ವಾರದೊಳಗೆ ಸಾಯುತ್ತಿದ್ದರು. ಜನ ಅದನ್ನು 'ಲಾಬ್ರಿಯಾದ ಕಪ್ಪು ಜ್ವರ' ಅನ್ನುತ್ತಿದ್ದರು. 1980ರ ದಶಕದಲ್ಲಿ ಗುಟ್ಟು ರಟ್ಟಾಯಿತು. ಮೊದಲೇ ಹೆಪಟೈಟಿಸ್ ಬಿ ಇದ್ದವರ ಮೇಲೆ ಡಿ ವೈರಸ್ ಎರಗಿತ್ತು.

ವೆನೆಜುವೆಲಾದ ಯುಕ್ಪಾ ಆದಿವಾಸಿಗಳಲ್ಲಿ 1979ರಿಂದ 1981ರ ನಡುವೆ ಇದೇ ಡಿ ವೈರಸ್ಸಿನ ಅಲೆ ಎದ್ದಿತು. 149 ಜನ ಕಾಯಿಲೆ ಬಿದ್ದರು, 34 ಜನ ಸತ್ತರು.

ಬಿ ವೈರಸ್ ಸುಮ್ಮನೆ ಕೂತಿರುವ ಸಮುದಾಯ ಒಣಹುಲ್ಲಿನ ಬಣವೆ ಇದ್ದಂತೆ. ಹೊರಗಿನಿಂದ ಒಂದು ಕಿಡಿ ಬಿದ್ದರೆ ಸಾಕು. "ಇಷ್ಟು ವರ್ಷ ಬದುಕಿಲ್ವಾ, ಬಿಟ್ಟುಬಿಡಿ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಆದಿವಾಸಿಯ ರಕ್ತದಿಂದ ಸಿಕ್ಕ ಲಸಿಕೆ

ಇನ್ನೊಂದು ವಿಷಯ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹೆಪಟೈಟಿಸ್ ಬಿ ವೈರಸ್ಸಿನ ಗುರುತು ಮೊದಲು ಸಿಕ್ಕಿದ್ದೇ ಒಬ್ಬ ಆದಿವಾಸಿಯ ರಕ್ತದಲ್ಲಿ. 1960ರ ದಶಕದಲ್ಲಿ ಬರೂಚ್ ಬ್ಲೂಮ್‌ಬರ್ಗ್ ಎಂಬ ಅಮೆರಿಕದ ವಿಜ್ಞಾನಿ ಬೇರೆ ಬೇರೆ ಜನಾಂಗಗಳ ರಕ್ತದ ವ್ಯತ್ಯಾಸ ಹುಡುಕುತ್ತಿದ್ದರು. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಹೊಸದೊಂದು ಪ್ರೋಟೀನ್ ಸಿಕ್ಕಿತು. 'ಆಸ್ಟ್ರೇಲಿಯಾ ಆ್ಯಂಟಿಜೆನ್' ಅಂತ ಹೆಸರಿಟ್ಟರು. ಆಮೇಲೆ ತಿಳಿಯಿತು, ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚ. ನಮ್ಮ ರಿಪೋರ್ಟಿನಲ್ಲಿ 'ಎಚ್‌ಬಿಎಸ್‌ಎಜಿ' ಅಂತ ಬರುತ್ತದಲ್ಲ, ಅದೇ ಇದು. ಅದೇ ಕವಚದಿಂದ ಲಸಿಕೆ ತಯಾರಾಯಿತು. ಬ್ಲೂಮ್‌ಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂತು. ಅವರ ಹುಟ್ಟುಹಬ್ಬ ಜುಲೈ 28ನ್ನೇ ವಿಶ್ವ ಹೆಪಟೈಟಿಸ್ ದಿನ ಅಂತ ಆಚರಿಸುತ್ತಾರೆ.

ನಮ್ಮೂರಿನ ನೆಲನೆಲ್ಲಿಗೂ ಬ್ಲೂಮ್‌ಬರ್ಗ್‌ಗೂ ನಂಟಿದೆ ಅಂದರೆ ನಂಬುತ್ತೀರಾ? ಕಾಮಾಲೆ ಅಂದ ಕೂಡಲೇ ನಮ್ಮಜ್ಜಿ ಹಿತ್ತಲಿನಿಂದ ನೆಲನೆಲ್ಲಿ ಕಿತ್ತು, ಅರೆದು, ಮಜ್ಜಿಗೆಯಲ್ಲಿ ಕೊಡುತ್ತಿದ್ದರು. ಬ್ಲೂಮ್‌ಬರ್ಗ್ ತಂಡ ಈ ಗಿಡದ ಸಾರವನ್ನೂ ಪರೀಕ್ಷೆ ಮಾಡಿತ್ತು. 1988ರಲ್ಲಿ ಮದ್ರಾಸಿನ ವೈದ್ಯರು ನೆಲನೆಲ್ಲಿಯಿಂದ ಹೆಪಟೈಟಿಸ್ ಬಿ ಹೋಗುತ್ತದೆ ಎಂಬ ಆಸೆ ಹುಟ್ಟಿಸುವ ವರದಿ ಪ್ರಕಟಿಸಿದರು. ಆದರೆ ಆಮೇಲೆ ಬೇರೆ ಕಡೆ ನಡೆದ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ. ಎ ಅಥವಾ ಇ ಬಂದವರು ಹೇಗೂ ಕೆಲವು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ, ಹೆಸರು ನಾಟಿ ಔಷಧಿಗೆ ಹೋಗುತ್ತದೆ. ಬಿ ಇರುವವರು ಅದನ್ನೇ ನಂಬಿ ಕೂತರೆ ವರ್ಷಗಳು ಕಳೆದುಹೋಗುತ್ತವೆ. ಕಾಡಿನಲ್ಲಿ ಕಾಯಿಲೆ ಇಲ್ಲ ಅನ್ನುವುದು ಹೇಗೋ, ಎಲ್ಲ ಕಾಯಿಲೆಗೂ ಕಾಡಿನಲ್ಲೇ ಮದ್ದಿದೆ ಅನ್ನುವುದೂ ಹಾಗೆಯೇ. ಎರಡೂ ನಮ್ಮ ಆಸೆ.

ಹೋಗಬೇಕೋ, ಹೋಗಬಾರದೋ?

ಹಾಗಾದರೆ ಜಾರವಾಗಳಿಗೆಲ್ಲ ಲಸಿಕೆ ಹಾಕಿಬಿಡಬಹುದಲ್ಲ? ಕೇಳಲು ಸುಲಭ.

ದೊಡ್ಡವರಿಗೆ ಮೂರು ಡೋಸ್ ಬೇಕು: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಅಂದರೆ ಮೂರು ಸಲ ಕಾಡಿಗೆ ಹೋಗಬೇಕು. ಹೋಗುವವರು ತಮ್ಮ ಜೊತೆ ನೆಗಡಿ, ಫ್ಲೂ ಒಯ್ಯಬಹುದು. ಇದು ಬರೀ ಊಹೆಯಲ್ಲ. ಜಾರವಾಗಳು ಹೊರಬರಲು ಶುರುಮಾಡಿದ ಎರಡೇ ವರ್ಷಕ್ಕೆ, 1999ರಲ್ಲಿ, ಅವರಲ್ಲಿ ದಡಾರ ಹಬ್ಬಿತು. ಬ್ಲ್ಯಾಕ್ ಹೇಳಿದ 'ಹೊರಗಿನಿಂದ ಬಂದರಷ್ಟೇ ಉಂಟು' ಎಂಬ ಸೋಂಕು ಅದೇ ತಾನೆ?

ಇನ್ನು ಲಸಿಕೆಯನ್ನು ತಣ್ಣಗೆ ಇಡಬೇಕು. ಅವರ ಭಾಷೆಯಲ್ಲಿ ವಿವರಿಸಿ, ಒಪ್ಪಿಸಬೇಕು. ಮುಖ್ಯವಾದ ಡೋಸ್ ಮಗು ಹುಟ್ಟಿದ 24 ಗಂಟೆಯೊಳಗೆ ಬೀಳಬೇಕು. ಹೆರಿಗೆ ಕಾಡಿನೊಳಗೆ ಯಾವತ್ತು ಆಗುತ್ತದೆ ಅಂತ ಯಾರಿಗೆ ಗೊತ್ತು? ಈಗಾಗಲೇ ಸೋಂಕು ಇರುವವರಿಗೆ ಲಸಿಕೆಯಿಂದ ಉಪಯೋಗವಿಲ್ಲ. ಅವರಲ್ಲಿ ಯಾರಿಗೆ ಅಗತ್ಯವೋ ಅವರು ದಿನವೂ ಒಂದು ಮಾತ್ರೆ ನುಂಗಬೇಕು, ವರ್ಷಾನುಗಟ್ಟಲೆ. ಅದು ವೈರಸ್ಸನ್ನು ಅದುಮಿ ಇಡುತ್ತದೆ, ಪೂರ್ತಿ ತೆಗೆಯುವುದಿಲ್ಲ.

ಜಾರವಾಗಳ ಬದುಕಿನಲ್ಲಿ ಹೊರಗಿನವರು ಆದಷ್ಟು ಕಡಿಮೆ ಕೈಹಾಕಬೇಕು ಎಂಬುದು ಸರ್ಕಾರದ 2004ರ ನೀತಿಯ ತಿರುಳು. ಅದು ಸರಿಯೇ. ಆದರೆ 'ದೂರ ಇರಿ' ಅನ್ನುವುದಕ್ಕೂ 'ಕೈಬಿಡಿ' ಅನ್ನುವುದಕ್ಕೂ ನಡುವೆ ಸಣ್ಣದೊಂದು ದಾರಿ ಇದೆ. ತರಬೇತಿ ಪಡೆದ, ಆರೋಗ್ಯ ಪರೀಕ್ಷೆ ಮಾಡಿಸಿಕೊಂಡ, ಅವರ ಮಾತು ಬಲ್ಲ ನಾಲ್ಕೈದು ಜನ ಆ ದಾರಿಯಲ್ಲಿ ಹೋಗಬೇಕು. ಗುಹೆ ನೋಡಲು ಹೊರಟ ನೂರಾರು ಗಾಡಿಗಳು ಅಲ್ಲ. ಆ ಗಾಡಿಗಳಲ್ಲಿ ಒಂದರಲ್ಲಿ ನಾನೂ ಕೂತಿದ್ದೆ. ಗುಹೆ ಚೆನ್ನಾಗಿತ್ತು. ಆದರೂ ಈಗ ಯಾರಾದರೂ ಕೇಳಿದರೆ, ಬಾರಾಟಾಂಗ್‌ಗೆ ಸಮುದ್ರದ ಮೇಲೆ ಹೋಗಲು ಸಾಧ್ಯವೇ ವಿಚಾರಿಸಿ, ಕಾಡಿನ ದಾರಿ ಬೇಡ ಅಂತಲೇ ಹೇಳುತ್ತೇನೆ.

ಆಗದ ಕೆಲಸವೇನಲ್ಲ

ದೂರದ ಊರುಗಳಲ್ಲಿ ಈ ಸರಪಳಿ ಕಡಿಯಲು ಆಗುವುದಿಲ್ಲ ಅಂತಲ್ಲ. ಅಮೆರಿಕದ ಅಲಾಸ್ಕಾದಲ್ಲಿ ರಸ್ತೆಯೇ ಇಲ್ಲದ, ಪುಟ್ಟ ವಿಮಾನದಲ್ಲಷ್ಟೇ ತಲುಪಬಹುದಾದ ಹಳ್ಳಿಗಳಿವೆ. ಅಲ್ಲಿನ ಮೂಲನಿವಾಸಿಗಳಲ್ಲಿ ಒಂದು ಕಾಲಕ್ಕೆ ಹೆಪಟೈಟಿಸ್ ಬಿ ಆ ದೇಶದಲ್ಲೇ ಅತಿ ಹೆಚ್ಚು. ಮಕ್ಕಳಿಗೂ ಲಿವರ್ ಕ್ಯಾನ್ಸರ್ ಬರುತ್ತಿತ್ತು. 1980ರ ದಶಕದಲ್ಲಿ ಹಳ್ಳಿ ಹಳ್ಳಿಗೆ ಹೋಗಿ ಲಸಿಕೆ ಹಾಕಿದರು, ಹುಟ್ಟುವ ಪ್ರತಿ ಮಗುವಿಗೂ ಹಾಕಿದರು. ಇವತ್ತು ಅಲ್ಲಿನ ಮಕ್ಕಳಲ್ಲಿ ಹೊಸ ಸೋಂಕು ಹೆಚ್ಚುಕಡಿಮೆ ಇಲ್ಲವೇ ಇಲ್ಲ. 1984ರಲ್ಲಿ ಕೂಸುಗಳಿಗೆ ಲಸಿಕೆ ಶುರುಮಾಡಿದ ತೈವಾನ್‌ನಲ್ಲಿ, ನೂರಕ್ಕೆ ಹತ್ತರಷ್ಟಿದ್ದ ಮಕ್ಕಳ ಸೋಂಕು ಒಂದಕ್ಕಿಂತ ಕೆಳಗೆ ಇಳಿಯಿತು.

ನಮ್ಮ ನಿಕೋಬಾರ್‌ನಲ್ಲೂ ಸಂಶೋಧಕರು ಊರಿನವರ ನಡುವೆಯೇ ಲಸಿಕೆ ಹಾಕಿ ನೋಡಿದ್ದಾರೆ. ಲಸಿಕೆ ಅಲ್ಲಿನವರಲ್ಲೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬೇಕಾಗಿರುವುದು ಪ್ರತಿ ಹೆರಿಗೆಯ ಹೊತ್ತಿಗೆ ಅಲ್ಲಿ ಒಂದು ತಣ್ಣನೆಯ ಪುಟ್ಟ ಸೀಸೆ, ಅದನ್ನು ಹಾಕುವ ಒಬ್ಬರು.

ಇದು 'ಅವರ' ಕಾಯಿಲೆಯಲ್ಲ

ನೂರಕ್ಕೆ 65 ಅಂತ ಓದಿ 'ಅಯ್ಯೋ ಪಾಪ' ಅಂದು ಮುಂದೆ ಹೋಗುವ ಮೊದಲು ಇನ್ನೊಂದು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಪ್ರಪಂಚದಲ್ಲಿ 25.4 ಕೋಟಿ ಜನರಿಗೆ ದೀರ್ಘಕಾಲದ ಹೆಪಟೈಟಿಸ್ ಬಿ ಇತ್ತು. ಅದರಲ್ಲಿ ಸುಮಾರು 2.98 ಕೋಟಿ ಜನ ಭಾರತದವರು. ಹೆಚ್ಚಿನವರಿಗೆ ತಮಗಿದೆ ಅಂತಲೇ ಗೊತ್ತಿಲ್ಲ. ಕಾಡಿನಲ್ಲಿ ಗೊತ್ತಾಗದೇ ಇರುವುದಕ್ಕೆ ಕಾರಣ ಇದೆ. ಮೆಟ್ರೋ, ಲ್ಯಾಬು, ಇನ್ಶೂರೆನ್ಸ್ ಎಲ್ಲ ಇರುವ ನಮಗೆ?

ನಮ್ಮ ದೇಶದ ಲಸಿಕೆ ಕಾರ್ಯಕ್ರಮಕ್ಕೆ ಹೆಪಟೈಟಿಸ್ ಬಿ ದೇಶಾದ್ಯಂತ ಸೇರಿದ್ದು 2011ರಲ್ಲಿ, ಕೆಲವು ರಾಜ್ಯಗಳಲ್ಲಿ ಅದಕ್ಕೆ ಸ್ವಲ್ಪ ಮೊದಲು. ಅಂದರೆ ಎಂಬತ್ತು, ತೊಂಬತ್ತರ ದಶಕದಲ್ಲಿ ಹುಟ್ಟಿದ ನಮ್ಮಲ್ಲಿ ಬಹಳ ಜನಕ್ಕೆ ಸರ್ಕಾರಿ ಲಸಿಕೆಯಾಗಿ ಅದು ಬಿದ್ದಿಲ್ಲ. ಅಮ್ಮನನ್ನು ಕೇಳಿದರೆ "ಎಲ್ಲ ಇಂಜೆಕ್ಷನ್ನೂ ಹಾಕ್ಸಿದೀನಪ್ಪ" ಅಂತಾರೆ. ಆ 'ಎಲ್ಲ'ದರಲ್ಲಿ ಇದು ಇರಲಿಕ್ಕಿಲ್ಲ.

ಹಾಗಾಗಿ ಇಷ್ಟು ಮಾಡಿ:

• ಒಮ್ಮೆ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಿ. ಸಾಮಾನ್ಯ ರಕ್ತ ಪರೀಕ್ಷೆ, ದುಬಾರಿಯಲ್ಲ. ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಇದೆಯೇ ನೋಡಿಕೊಳ್ಳಿ. ಎಷ್ಟೋ ಸಲ ಇರುವುದಿಲ್ಲ.

• ನೆಗೆಟಿವ್ ಬಂದು, ಲಸಿಕೆ ಆಗಿಲ್ಲವಾದರೆ ಡಾಕ್ಟರ್ ಹತ್ತಿರ ಕೇಳಿ ಮೂರು ಡೋಸ್ ಮುಗಿಸಿ. ಮೊದಲನೆಯದು ಹಾಕಿಸಿಕೊಂಡು ಮರೆತುಬಿಡುವವರೇ ಜಾಸ್ತಿ.

• ಪಾಸಿಟಿವ್ ಬಂದರೆ ಗಾಬರಿ ಬೇಡ, ನಾಟಿ ಔಷಧಿಗೆ ಓಡುವುದೂ ಬೇಡ. ಲಿವರ್ ತಜ್ಞರನ್ನು ನೋಡಿ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ಆದರೆ ಎಲ್ಲರೂ ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮನೆಯವರಿಗೂ ಪರೀಕ್ಷೆ, ಲಸಿಕೆ ಆಗಲಿ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧಿ ಎರಡೂ ಉಚಿತ. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.

• ಮನೆಯಲ್ಲಿ ಬಸುರಿ ಇದ್ದರೆ ರಿಪೋರ್ಟಿನ ಆ ಒಂದು ಸಾಲನ್ನು ಓದಿ. ತಾಯಿಗೆ ಸೋಂಕು ಇರಲಿ ಬಿಡಲಿ, ಮಗುವಿಗೆ 24 ಗಂಟೆಯೊಳಗೆ ಮೊದಲ ಡೋಸ್ ಬಿತ್ತೇ ಅಂತ ನೀವೇ ಸಿಸ್ಟರ್‌ನ ಕೇಳಿ. ತಾಯಿಗೆ ಇದ್ದರೆ ಲಸಿಕೆ ಜೊತೆ ಇಮ್ಯುನೊಗ್ಲಾಬ್ಯುಲಿನ್ ಇಂಜೆಕ್ಷನ್ನೂ ಬೇಕು, 12 ಗಂಟೆಯೊಳಗೆ ಆದರೆ ಒಳ್ಳೆಯದು. ಆರು, ಹತ್ತು, ಹದಿನಾಲ್ಕನೇ ವಾರದ ಡೋಸ್‌ಗಳನ್ನು ತಪ್ಪಿಸಬೇಡಿ.

• ರೇಜರ್, ಉಗುರು ಕತ್ತರಿ, ಟೂತ್‌ಬ್ರಷ್ ಹಂಚಿಕೊಳ್ಳಬೇಡಿ. ಟ್ಯಾಟೂ ಹಾಕಿಸುವಾಗ, ಕಿವಿ ಚುಚ್ಚಿಸುವಾಗ ಹೊಸ ಸೂಜಿ ಕೇಳಿ. ತಟ್ಟೆ, ಲೋಟ ಬೇರೆ ಇಡಬೇಕಾಗಿಲ್ಲ.

ಬಿಡುಗಡೆಯಾಗುವ ದಿನ ನಾನು ಪಕ್ಕದ ಬೆಡ್ಡಿನ ಹುಡುಗಿಯ ಮಗುವನ್ನು ಎತ್ತಿಕೊಂಡೆ. ನನ್ನ ಅತ್ತೆ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಏನೂ ಅನ್ನಲಿಲ್ಲ. ಹಿಂದಿನ ರಾತ್ರಿ ಓದಿದ್ದನ್ನೆಲ್ಲ ನಾನು ಅವರಿಗೆ ಹೇಳಿದ್ದೆ. ಸ್ವಲ್ಪ ಹೊತ್ತಿಗೆ ಒಳಗೆ ಬಂದು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಆ ಹುಡುಗಿಯ ಕೈಗೇ ಕೊಟ್ಟರು. "ಕುಡಿಯಮ್ಮ, ಆರಿಹೋಗುತ್ತೆ" ಅಂದರು.

ಆ ಹುಡುಗಿಯ ಅಮ್ಮನಿಂದ ಅವಳಿಗೆ ಬಂದದ್ದು ಅವಳ ಮಗಳಿಗೆ ಬಹುಶಃ ದಾಟಲಾರದು. ಹುಟ್ಟಿದ ದಿನವೇ ಹಾಕಿದ ಎರಡು ಇಂಜೆಕ್ಷನ್ ಆ ಸರಪಳಿಯನ್ನು ಕಡಿದಿರಬಹುದು. ಅಂಡಮಾನಿನ ಕಾಡಿನಲ್ಲಿ ಹುಟ್ಟುವ ಮಗುವಿಗೂ ಬೇಕಾಗಿರುವುದು ಅಷ್ಟೇ. ಈಗ ಯಾರಾದರೂ "ಕಾಡಲ್ಲಿರೋರಿಗೆ ಕಾಯಿಲೆ ಎಲ್ಲಿಂದ ಬರುತ್ತೆ" ಅಂದರೆ ನಾನು ಹೂಂ ಅನ್ನುವುದಿಲ್ಲ.